ಪರದೇಶದಲ್ಲಿ ಬರೆಸಿದ ಹೆಸರು

ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಹೊರಟವನಿಗೆ ಎರಡು ದಾರಿಗಳಿವೆ. ಒಂದು ಬಂಡೀಪುರದ ಕಾಡನ್ನು ಹಾಯ್ದು ಗೂಡಲೂರು, ಉದಕಮಂಡಲಗಳ ಕಡೆಗೆ ಏರುತ್ತದೆ. ಇನ್ನೊಂದು ಮೂಲೆಹೊಳೆಯನ್ನು ದಾಟಿ ಸುಲ್ತಾನ್ ಬತ್ತೇರಿಯನ್ನು ಮುಟ್ಟುತ್ತದೆ. ತುರ್ತು ವಾಹನಗಳನ್ನೂ ಕೆಲವು ಸರ್ಕಾರಿ ಬಸ್ಸುಗಳನ್ನೂ ಬಿಟ್ಟರೆ, 2009ರಿಂದೀಚೆಗೆ ಈ ಎರಡು ದಾರಿಗಳೂ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚಿರುತ್ತವೆ. ನನ್ನ ಬಾಲ್ಯದಲ್ಲಿ ಅಲ್ಲಿ ಈ ಕಟ್ಟುಪಾಡು ಇರಲಿಲ್ಲ. ಆದರೆ ಬೇರೊಂದು ಕಟ್ಟುಪಾಡು ಮನೆಮನೆಯಲ್ಲಿಯೂ ಇತ್ತು. ವೈನಾಡಿನ ಕಾಫಿ ತೋಟಕ್ಕೋ ಮೆಣಸಿನ ಕುಯಿಲಿಗೋ ಕೂಲಿಗೆ ಹೊರಟವನನ್ನು ಮನೆಯ ಹಿರಿಯರು ಹೊಸಿಲಿನಲ್ಲಿ ನಿಲ್ಲಿಸಿ ಕೇಳುತ್ತಿದ್ದರು: “ಯಾರ ತೋಟ? ಯಾವ ಊರು? ಯಾರ ಜೊತೆ ಇರ್ತೀಯೆ? ಹೇಳ್ಬುಟ್ಟು ಹೋಗು.” ಅಕ್ಷರ ಬಾರದ ಆ ಹಿರಿಯರು ಈ ಮೂರು ಉತ್ತರಗಳನ್ನು ನೆನಪಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದರು. ಹೋದವನು ಹಬ್ಬಕ್ಕೆ ಬಾರದಿದ್ದರೆ ಹುಡುಕಿಕೊಂಡು ಹೋಗುವುದಕ್ಕೆ ಅದೊಂದೇ ಆಧಾರವಾಗಿತ್ತು.

ಇಂದು ನಾನು ಹೇಳಹೊರಟಿರುವುದು ಈ ‘ಹೇಳಿಹೋಗುವ’ ಪದ್ಧತಿಯ ದೊಡ್ಡ ರೂಪವನ್ನು ಕುರಿತು. ಮನೆ ಬಿಟ್ಟು ವೈನಾಡಿಗೆ ಹೋದವನ ಹೆಸರನ್ನು ಮನೆಯ ಹಿರಿಯ ನೆನಪಿಟ್ಟುಕೊಳ್ಳುತ್ತಾನೆ. ದೇಶವನ್ನೇ ಬಿಟ್ಟುಹೋದವನ ಹೆಸರನ್ನು ನೆನಪಿಟ್ಟುಕೊಳ್ಳುವವರು ಯಾರು? ಪರರಾಜ್ಯದ ರಾಜಧಾನಿಯಲ್ಲಿ ನಮ್ಮ ಧ್ವಜ ಹಾರಿಸಿಕೊಂಡಿರುವ ಕಚೇರಿಯೊಂದರಲ್ಲಿ ಅದಕ್ಕಾಗಿಯೇ ಒಂದು ಪುಸ್ತಕ ಇರುತ್ತದೆ. ಆ ಪುಸ್ತಕಕ್ಕೆ ನಾವು ತಿಳಿದಿರುವುದಕ್ಕಿಂತ ದೀರ್ಘವಾದ ಇತಿಹಾಸವಿದೆ.

ಈ ವಿಷಯದ ಕಡೆಗೆ ನನ್ನ ಗಮನ ಹೊರಳಿದ್ದು ಒಂದು ಚಿಕ್ಕ ಪ್ರಸಂಗದಿಂದ. ನಿವೃತ್ತನಾದ ಮೇಲೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಮನೆಗೆ ಬಂದರು. ಕೈಯಲ್ಲಿ ಮಡಿಸಿದ ಇಂಗ್ಲಿಷ್ ಅರ್ಜಿಯೊಂದಿತ್ತು. ಮಗ ಕೊಲ್ಲಿ ದೇಶದಲ್ಲಿ ಕೆಲಸದಲ್ಲಿದ್ದಾನೆ. ಸೊಸೆಯೂ ಅಲ್ಲೇ ಇದ್ದಾಳೆ. ಮೊಮ್ಮಗು ಹುಟ್ಟಿದ್ದೂ ಅಲ್ಲೇ.

“ಕೂಸು ಹುಟ್ಟಿ ಹನ್ನೊಂದು ತಿಂಗ್ಳಾಯ್ತು ಕನಿ ಮೇಷ್ಟ್ರೆ,” ಎಂದರು ಆಕೆ. “ವರ್ಸ ತುಂಬೋದ್ರೊಳ್ಗೆ ಬರುಸ್ದೆ ಇದ್ರೆ ತೊಂದ್ರೆ ಆಯ್ತದೆ ಅಂತ ಮಗ ಫೋನು ಮಾಡವ್ನೆ. ಊರಿನ ಕಾಗ್ಜ ಯಾವ್ಯಾವ್ದು ಬೇಕು ನೋಡಿ ಹೇಳ್ಬೇಕಂತೆ. ಅಲ್ಲಾ, ನಮ್ಮ ಕೂಸು ನಮ್ದು ಅನ್ನೋಕೆ ಅರ್ಜಿ ಯಾಕೆ ಬೇಕು?”

ನಾನು ಕನ್ನಡ ಕಲಿಸಿದವನು, ಕಾನೂನು ಓದಿದವನಲ್ಲ. ಆದರೂ ಆಕೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಡುಕಿ ನೋಡಿದಾಗ ತಿಳಿದದ್ದು ಇಷ್ಟು. 1955ರ ಪೌರತ್ವ ಕಾಯ್ದೆಯ ನಾಲ್ಕನೆಯ ವಿಧಿಯು ಹೊರದೇಶದಲ್ಲಿ ಹುಟ್ಟಿದ ಭಾರತೀಯರ ಮಕ್ಕಳನ್ನು ಕುರಿತದ್ದು. 2003ರ ತಿದ್ದುಪಡಿ 2004ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಮೇಲೆ, ಅಂಥ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ಕಾನ್ಸುಲರ್ ಕಚೇರಿಯಲ್ಲಿ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿಗಳು ಘೋಷಿಸಬೇಕು. ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ನೋಂದಣಿಯಾಗದಿದ್ದರೆ ಆ ವಿಧಿಯ ಪ್ರಕಾರ ಮಗು ಭಾರತದ ಪ್ರಜೆಯಾಗುವುದಿಲ್ಲ. ಕೊಲ್ಲಿಯ ದೇಶಗಳಾದರೋ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪರದೇಶೀಯರ ಮಕ್ಕಳನ್ನು ತಮ್ಮ ಪ್ರಜೆಗಳೆಂದು ಎಣಿಸುವುದಿಲ್ಲ. ಅಂದರೆ, ಅಜ್ಜಿಗೆ ಇಲ್ಲಿ ಮೊಮ್ಮಗುವಾದದ್ದು ಭೂಮಿಯ ಮೇಲಿನ ಯಾವ ರಾಜ್ಯಕ್ಕೂ ಸೇರದ ಜೀವವಾಗಿ ಉಳಿಯುವ ಸಂಭವವುಂಟು. ಪುಸ್ತಕದ ಒಂದು ಸಾಲಿಗೆ ಇಷ್ಟು ಭಾರವಿದೆ ಎಂಬುದನ್ನು ನಾನು ಅಂದು ಮೊದಲ ಬಾರಿಗೆ ಅರಿತೆ.

ನಮ್ಮ ಕಾವ್ಯಗಳಲ್ಲಿ ದೂತರಿಗೆ ಕೊರತೆಯಿಲ್ಲ. ರಾಮನಿಂದ ರಾವಣನ ಸಭೆಗೆ ಅಂಗದ ಹೋಗುತ್ತಾನೆ. ಪಾಂಡವರ ಪರವಾಗಿ ಕೃಷ್ಣ ಹಸ್ತಿನಾವತಿಗೆ ನಡೆಯುತ್ತಾನೆ. ಇವರೆಲ್ಲ ಅರಸರಿಂದ ಅರಸರ ಬಳಿಗೆ ಹೋದವರು. ಇವರ ಮಾತು ರಾಜ್ಯದ್ದು, ಸಂಧಿವಿಗ್ರಹಗಳದ್ದು. ಇಂದಿನ ರಾಯಭಾರಿ ಈ ಪರಂಪರೆಗೆ ಸೇರಿದವನು. ಆದರೆ ಕಾನ್ಸುಲ್ ಎಂಬ ಅಧಿಕಾರಿಯ ವಂಶವೇ ಬೇರೆ. ಮಧ್ಯಯುಗದಲ್ಲಿ ಮೆಡಿಟರೇನಿಯನ್ ಸಮುದ್ರದ ಬಂದರುಗಳಲ್ಲಿ ನೆಲಸಿದ್ದ ಇಟಲಿಯ ವರ್ತಕರು, ತಮ್ಮ ಜಗಳಗಳನ್ನು ಬಗೆಹರಿಸಲು, ಸತ್ತವನ ಸರಕನ್ನು ಕಾಯಲು, ಸ್ಥಳೀಯ ಅಧಿಕಾರದ ಮುಂದೆ ತಮ್ಮ ಪರವಾಗಿ ಮಾತನಾಡಲು ತಮ್ಮವನೊಬ್ಬನನ್ನು ನೇಮಿಸಿಕೊಳ್ಳುತ್ತಿದ್ದರು. ಅವನೇ ಕಾನ್ಸುಲ್. ರಾಯಭಾರಿ ರಾಜ್ಯದ ನಾಲಗೆಯಾದರೆ, ಕಾನ್ಸುಲ್ ಪರದೇಶದಲ್ಲಿ ಇರುವ ಪ್ರಜೆಯ ನೆರೆಯವನು.

ಹೆಸರು ಪರಕೀಯವಾದರೂ ಈ ಕಾರ್ಯ ಕನ್ನಡಿಗರಿಗೆ ಅಪರಿಚಿತವಲ್ಲ. ಐಹೊಳೆಯಿಂದ ಹೆಸರು ಪಡೆದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘವನ್ನು ನಮ್ಮ ಶಾಸನಗಳು ಬಾಯ್ತುಂಬ ಹೊಗಳುತ್ತವೆ. ಶಿಕಾರಿಪುರದ ಹನ್ನೊಂದನೆಯ ಶತಮಾನದ ಶಾಸನವೊಂದು ಇವರು ಸಂಚರಿಸಿದ ನಾಡುಗಳ ದೊಡ್ಡ ಪಟ್ಟಿಯನ್ನೇ ಕೊಡುತ್ತದೆ. ಆ ಪಟ್ಟಿಯಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ 1088ರ ತಮಿಳು ಶಾಸನವೊಂದು ದೊರೆತು, ಐನೂರ್ವರ ಸಂಘ ಕಡಲಾಚೆಗೂ ಚಾಚಿಕೊಂಡಿತ್ತೆಂಬುದನ್ನು ಖಚಿತಪಡಿಸಿದೆ. ಅವರ ಹಿಂದೆ ಒಬ್ಬ ಅರಸನ ಸೇನೆ ಇರಲಿಲ್ಲ. ಸಂಘದ ಸದಸ್ಯನೆಂಬ ಗುರುತೇ ಪರನಾಡಿನಲ್ಲಿ ಅವನಿಗಿದ್ದ ರಕ್ಷಣೆ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೈಸೂರು ರಾಜ್ಯವೇ ಈ ಕೆಲಸಕ್ಕೆ ಕೈಹಾಕಿತು. ಬಂಡೀಪುರದ ಆಚೆಯ ಊರಿಗೆ ಸುಲ್ತಾನ್ ಬತ್ತೇರಿ ಎಂಬ ಹೆಸರು ಬರಲು ಕಾರಣನಾದ ಟೀಪು ಸುಲ್ತಾನ್ ಅರಬ್ಬಿ ಸಮುದ್ರದ ಆಚೆ ಮಸ್ಕತ್ತಿನಲ್ಲಿ ಒಂದು ಕೋಠಿಯನ್ನು ನಡೆಸುತ್ತಿದ್ದ. ಮೈಸೂರಿನ ಗಂಧ, ಮೆಣಸು, ಅಕ್ಕಿ ಅಲ್ಲಿಗೆ ಹೋಗುತ್ತಿದ್ದವು. ಕೋಠಿಯ ದಾರೋಗನಿಗೆ ಟೀಪು ಬರೆಸಿದ ಪತ್ರಗಳಲ್ಲಿ ಕೆಲವನ್ನು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಗಂಧವನ್ನು ಯಾವ ಬೆಲೆಗೆ ಮಾರಬೇಕು, ರೇಷ್ಮೆಹುಳುವಿನ ಮೊಟ್ಟೆಗಳನ್ನು ಹೇಗೆ ತರಿಸಬೇಕು ಎಂಬಂಥ ವಿವರಗಳು ಅಲ್ಲಿವೆ. ಪರದೇಶದಲ್ಲಿ ನಮ್ಮವರದೊಂದು ಸ್ಥಿರವಾದ ನೆಲೆ ಇರಬೇಕೆಂಬ ಕಲ್ಪನೆ ಅಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ ಆ ಕೋಠಿ ಲೆಕ್ಕವಿಟ್ಟದ್ದು ಮುಖ್ಯವಾಗಿ ಸರಕನ್ನು. ಮನುಷ್ಯರ ಲೆಕ್ಕ ಶುರುವಾದದ್ದು ಅನಂತರ, ಅದೂ ಬಹಳ ಕಹಿಯಾದ ರೀತಿಯಲ್ಲಿ.

ಗುಲಾಮಗಿರಿ ನಿಂತ ಮೇಲೆ ಬ್ರಿಟಿಷ್ ಸಾಮ್ರಾಜ್ಯದ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. ಮಾರಿಷಸ್, ನಟಾಲ್, ಫಿಜಿ ಮೊದಲಾದ ಕಡೆಗೆ ಕಲ್ಕತ್ತೆಯಿಂದಲೂ ಮದರಾಸಿನಿಂದಲೂ ಕರಾರಿನ ಕೂಲಿಗಳು ಹಡಗು ಹತ್ತಿದರು. 1879ರಿಂದ 1916ರವರೆಗೆ ಫಿಜಿಯೊಂದಕ್ಕೇ ಅರವತ್ತು ಸಾವಿರಕ್ಕೂ ಹೆಚ್ಚು ಮಂದಿ ಹೋದರು. ಹೀಗೆ ಹೊರಟವರ ಹಿತ ಕಾಯಲೆಂದು ಬಂದರಿನಲ್ಲಿ ‘ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್’ ಎಂಬ ಅಧಿಕಾರಿಯನ್ನು ಇಟ್ಟಿದ್ದರು. ಪ್ರತಿಯೊಬ್ಬ ಕೂಲಿಗೂ ಒಂದು ರಹದಾರಿ. ಅದರಲ್ಲಿ ಅವನ ಹೆಸರು, ತಂದೆಯ ಹೆಸರು, ಜಾತಿ, ವಯಸ್ಸು, ಜಿಲ್ಲೆ, ಹಳ್ಳಿ, ಎತ್ತರ, ಮೈಮೇಲಿನ ಗುರುತು ಎಲ್ಲವನ್ನೂ ಬರೆಯುತ್ತಿದ್ದರು. ವಿಚಾರಮಾಡಿ ನೋಡಿದರೆ, ನಮ್ಮ ಇತಿಹಾಸದಲ್ಲಿ ದೇಶ ಬಿಟ್ಟುಹೋದ ಬಡವರ ಹೆಸರುಗಳನ್ನು ಇಷ್ಟು ಕೂಲಂಕಷವಾಗಿ ಬರೆದಿಟ್ಟದ್ದು ಅದೇ ಮೊದಲು. ಇಂದಿಗೂ ಅವರ ಮರಿಮಕ್ಕಳು ತಮ್ಮ ಮೂಲದ ಹಳ್ಳಿಯನ್ನು ಹುಡುಕುವುದು ಆ ಹಾಳೆಗಳಲ್ಲಿಯೇ. ಆದರೆ ಆ ಬರವಣಿಗೆ ಹೆಚ್ಚಾಗಿ ಉಪಯೋಗಕ್ಕೆ ಬಂದದ್ದು ತೋಟದ ಯಜಮಾನನಿಗೆ. ಮೈಮೇಲಿನ ಮಚ್ಚೆಯನ್ನು ಬರೆದಿಟ್ಟವನು ಓಡಿಹೋದ ಆಳನ್ನು ಹಿಡಿಯಬಲ್ಲವನಾಗಿದ್ದ. ಆದರೆ ಹೊಡೆತ ತಿಂದ ಆಳಿನ ದೂರು ಆ ಹಾಳೆಯ ಬಲದಿಂದ ಊರು ತಲುಪುವಂತಿರಲಿಲ್ಲ.

ಹೆಸರು ಬರೆಸುವುದೇ ಅಪಮಾನವಾದ ಕಾಲವೊಂದೂ ಇತ್ತು. 1906ರಲ್ಲಿ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್ ಸರ್ಕಾರ, ಏಷ್ಯದವರೆಲ್ಲರೂ ಬೆರಳಚ್ಚು ಒತ್ತಿ ನೋಂದಾಯಿಸಿಕೊಂಡು ಆ ಪತ್ರವನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕೆಂದು ಶಾಸನ ತರಹೊರಟಿತು. ಆ ವರ್ಷದ ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗಿನ ನಾಟಕಶಾಲೆಯೊಂದರಲ್ಲಿ ಸೇರಿದ ಸಭೆ ಅದಕ್ಕೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿತು. 1908ರ ಆಗಸ್ಟ್ 16ರಂದು ಅಲ್ಲಿನ ಮಸೀದಿಯ ಆವರಣದಲ್ಲಿ ನೋಂದಣಿ ಪತ್ರಗಳನ್ನು ಕಡಾಯಿಯಲ್ಲಿ ಹಾಕಿ ಸುಟ್ಟರು. ಗಾಂಧೀಜಿಯ ಸತ್ಯಾಗ್ರಹ ಹುಟ್ಟಿದ್ದೇ ಹೀಗೆ, ನೋಂದಣಿಯ ನಿರಾಕರಣೆಯಿಂದ. ಅಂದಮೇಲೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು: ಈ ಪುಸ್ತಕ ಯಾರ ಕೈಯಲ್ಲಿದೆ? ಅದನ್ನು ತೆರೆಯುವುದು ನಮ್ಮನ್ನು ಹಿಡಿಯುವುದಕ್ಕೋ, ಹುಡುಕಿ ಕರೆತರುವುದಕ್ಕೋ?

ಸ್ವಾತಂತ್ರ್ಯ ಬಂದ ಮೇಲೆ ಪುಸ್ತಕ ನಮ್ಮವರ ಕೈಗೆ ಬಂತು. ವಿದೇಶದಲ್ಲಿರುವ ನಮ್ಮ ಅಧಿಕಾರಿ ಪ್ರಮಾಣ ಮಾಡಿಸಲು, ದಸ್ತಾವೇಜುಗಳನ್ನು ದೃಢೀಕರಿಸಲು 1948ರ ಕಾಯ್ದೆ ಅಧಿಕಾರ ಕೊಟ್ಟಿತು. 1967ರಲ್ಲಿ ಸುಪ್ರೀಂ ಕೋರ್ಟು ವಿದೇಶಕ್ಕೆ ಹೋಗುವುದೂ ಪ್ರಜೆಯ ವೈಯಕ್ತಿಕ ಸ್ವಾತಂತ್ರ್ಯದ ಒಂದು ಭಾಗವೆಂದು ತೀರ್ಪಿತ್ತ ವರ್ಷವೇ ಪಾಸ್‌ಪೋರ್ಟ್ ಕಾಯ್ದೆ ಬಂತು. 1969ರ ವಿದೇಶ ವಿವಾಹ ಕಾಯ್ದೆಯಿಂದ ಹೊರನಾಡಿನ ಮದುವೆಗಳಿಗೂ ನಮ್ಮ ಕಚೇರಿಯಲ್ಲಿ ದಾಖಲೆ ದೊರೆಯಿತು. 2010ರ ತಿದ್ದುಪಡಿಯ ಮೂಲಕ, ಬೇರೆ ದೇಶದ ಪೌರತ್ವ ಪಡೆಯದೆ ಹೊರಗಿರುವವನ ಹೆಸರು ಅವನ ಪಾಸ್‌ಪೋರ್ಟಿನಲ್ಲಿರುವ ಊರಿನ ಮತದಾರರ ಪಟ್ಟಿಯಲ್ಲಿ ಸೇರಬಹುದಾಯಿತು. ಅಂದರೆ ದುಬೈಯಲ್ಲಿರುವ ಗುಂಡ್ಲುಪೇಟೆಯವನು ಗುಂಡ್ಲುಪೇಟೆಯ ಮತದಾರನೇ, ಮತ ಹಾಕಲು ಮಾತ್ರ ಅವನು ಇಲ್ಲಿಗೆ ಬರಬೇಕು. ಇವೆಲ್ಲಕ್ಕೂ ಅಂತರರಾಷ್ಟ್ರೀಯ ಚೌಕಟ್ಟಾಗಿ ನಿಂತಿರುವುದು 1963ರ ಏಪ್ರಿಲ್ 24ರಂದು ವಿಯೆನ್ನಾದಲ್ಲಿ ಆದ ಕಾನ್ಸುಲರ್ ಸಂಬಂಧಗಳ ಒಡಂಬಡಿಕೆ. ತನ್ನ ಪ್ರಜೆಗಳ ಹಿತರಕ್ಷಣೆ, ಅವರಿಗೆ ರಹದಾರಿ ನೀಡಿಕೆ, ಜನನ ಮರಣಗಳ ದಾಖಲೆ, ಸೆರೆಯಲ್ಲಿರುವ ತನ್ನವರ ಭೇಟಿ ಎಲ್ಲವೂ ಕಾನ್ಸುಲನ ಕಾರ್ಯಗಳೆಂದು ಅದು ಎಣಿಸಿತು.

ಆ ಸಹಿ ಬಿದ್ದು ಸರಿಯಾಗಿ ಅರವತ್ತು ವರ್ಷ ತುಂಬಿದ ದಿನ, 2023ರ ಏಪ್ರಿಲ್ 24ರಂದು, ಭಾರತ ಸರ್ಕಾರ ನಮ್ಮ ನದಿಯ ಹೆಸರಿನಲ್ಲಿ ಒಂದು ಕಾರ್ಯಾಚರಣೆಯನ್ನು ಆರಂಭಿಸಿತು: ‘ಆಪರೇಷನ್ ಕಾವೇರಿ’. ಈ ಕಾಕತಾಳೀಯಕ್ಕೆ ಹೆಚ್ಚಿನ ಅರ್ಥ ಹಚ್ಚಬೇಕಿಲ್ಲ. ಆದರೆ ಆ ಕಾರ್ಯಾಚರಣೆಯಲ್ಲಿ ಸಿಲುಕಿದ್ದ ಕನ್ನಡ ನಾಡಿನವರ ಕಥೆ ಬಂಡೀಪುರದಂಥ ಕಾಡುಗಳ ಕಥೆಯೊಂದಿಗೆ ಹೆಣೆದುಕೊಂಡಿದೆ.

ಹಕ್ಕಿಪಿಕ್ಕಿಯರನ್ನು ನಮ್ಮ ಸಂತೆ, ಜಾತ್ರೆಗಳಲ್ಲಿ ಕಂಡವರು ಬಹಳ ಮಂದಿ ಇರಬಹುದು. ಹುಣಸೂರಿನ ಬಳಿಯ ಪಕ್ಷಿರಾಜಪುರ, ಶಿವಮೊಗ್ಗ, ಚನ್ನಗಿರಿಗಳ ಕಡೆ, ಬೆಂಗಳೂರಿನ ಬನ್ನೇರುಘಟ್ಟ ಇವರ ನೆಲೆಗಳು. ಮನೆಯೊಳಗೆ ಗುಜರಾತಿಗೆ ಹತ್ತಿರವಾದ ವಾಗ್ರಿ ಎಂಬ ನುಡಿಯನ್ನಾಡುತ್ತಾರೆ, ಹೊರಗೆ ಕನ್ನಡ. ಹೆಸರೇ ಹೇಳುವಂತೆ ಹಕ್ಕಿ ಹಿಡಿದು ಮಾರುವುದು ಇವರ ಕುಲವೃತ್ತಿಯಾಗಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮರುವರ್ಷ ಹುಲಿ ಯೋಜನೆ ಆರಂಭವಾಗಿ ಬಂಡೀಪುರ ದೇಶದ ಮೊದಲ ಒಂಬತ್ತು ರಕ್ಷಿತಾರಣ್ಯಗಳಲ್ಲಿ ಒಂದಾಯಿತು. ಕಾಡು ಉಳಿಯಬೇಕಾದದ್ದೇ, ಆ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಹುಲಿಗೆ ಬದುಕು ಕೊಟ್ಟ ಕಾನೂನು ಹಕ್ಕಿ ಹಿಡಿಯುವವನ ಬುಟ್ಟಿಯನ್ನು ಕ್ರಮೇಣ ಬರಿದುಮಾಡಿತು. ಬೇರು ನಾರುಗಳನ್ನು ಬಲ್ಲ ಇವರು ಗಿಡಮೂಲಿಕೆಯ ಔಷಧಿ, ತಲೆಗೂದಲಿನ ಎಣ್ಣೆ, ಪ್ಲಾಸ್ಟಿಕ್ ಹೂಗಳ ಮಾರಾಟಕ್ಕೆ ಇಳಿದರು. ಊರೂರು ಅಲೆಯುವುದು ರಕ್ತದಲ್ಲೇ ಇತ್ತು. ಈ ಅಲೆದಾಟ ನಾಡಿನ ಎಲ್ಲೆ ಮೀರಿ, ಎರಡು ಮೂರು ದಶಕಗಳಲ್ಲಿ ಆಫ್ರಿಕದ ದೇಶಗಳವರೆಗೂ ಹಬ್ಬಿತು. ಒಬ್ಬ ಹೋಗಿ ಬಂದು ಮನೆ ಕಟ್ಟಿಸಿದರೆ ಹತ್ತು ಮಂದಿ ಸಾಲ ಮಾಡಿ ವಿಮಾನ ಹತ್ತಿದರು.

2023ರ ಏಪ್ರಿಲ್ 15ರಂದು ಸೂಡಾನಿನ ರಾಜಧಾನಿ ಖಾರ್ತೂಮಿನಲ್ಲಿ ಅಲ್ಲಿನ ಸೇನೆಗೂ ಅರೆಸೇನಾಪಡೆಗೂ ಕದನ ಶುರುವಾಯಿತು. ಕೆಲವೇ ದಿನಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ ಸುದ್ದಿ ಬಂತು: ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿಯರು ಅಲ್ಲಿ ಸಿಲುಕಿದ್ದಾರೆ, ಅನ್ನ ನೀರಿಗೆ ಕಷ್ಟವಾಗಿದೆ. ಮತ್ತೆ ಕೆಲವು ದಿನಗಳಲ್ಲಿ ಆ ಸಂಖ್ಯೆ ನೂರನ್ನು ಮೀರಿತು. ಹೀಗೇಕೆ? ಜನ ಹೊಸದಾಗಿ ಹೋದದ್ದಲ್ಲ. ಇದ್ದವರು ಒಬ್ಬೊಬ್ಬರಾಗಿ ಲೆಕ್ಕಕ್ಕೆ ಸಿಕ್ಕರು. ಹಲವರು ದಾರ್ಫೂರ್ ಪ್ರಾಂತದ ಅಲ್ ಫಾಶಿರ್ ಎಂಬ ಊರಿನಲ್ಲಿದ್ದರು. ಅದು ಖಾರ್ತೂಮಿನಿಂದ ಸುಮಾರು 800 ಕಿಲೋಮೀಟರ್ ಪಶ್ಚಿಮಕ್ಕೆ. ಹಡಗುಗಳು ಕಾಯುತ್ತಿದ್ದ ಪೋರ್ಟ್ ಸೂಡಾನ್ ಬಂದರೋ ಖಾರ್ತೂಮಿನಿಂದ ಇನ್ನೊಂದು ದಿಕ್ಕಿಗೆ, ಸುಮಾರು 850 ಕಿಲೋಮೀಟರ್ ದೂರದಲ್ಲಿ. ರಾಯಭಾರ ಕಚೇರಿ ಇದ್ದದ್ದು ಕದನದ ನಡುವೆ. ಹುಡುಕಬೇಕಾದರೆ ಆಧಾರವಾಗಿದ್ದದ್ದು ಫೋನಿನ ಸಂಖ್ಯೆಗಳು ಮತ್ತು ಹೆಸರುಗಳ ಪಟ್ಟಿ.

ಆಗ ವಿದೇಶಾಂಗ ಕಾರ್ಯದರ್ಶಿಗಳು ಕೊಟ್ಟ ಅಂದಾಜಿನ ಪ್ರಕಾರ ಸೂಡಾನಿನಲ್ಲಿ ಸುಮಾರು 3,500 ಭಾರತೀಯ ಪ್ರಜೆಗಳೂ ಸುಮಾರು ಸಾವಿರ ಮಂದಿ ಭಾರತೀಯ ಮೂಲದವರೂ ಇದ್ದರು. ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ್ದವರು ಸುಮಾರು 3,100. ಮೊದಲ ತಂಡವಾಗಿ 278 ಮಂದಿ ಐಎನ್‌ಎಸ್ ಸುಮೇಧಾ ನೌಕೆಯಲ್ಲಿ ಜೆದ್ದಾಕ್ಕೆ ಹೊರಟರು. ಏಪ್ರಿಲ್ 27ರ ರಾತ್ರಿ ವಾಯುಸೇನೆಯ ವಿಮಾನವೊಂದು, ದೀಪಗಳೇ ಇಲ್ಲದ ವಾದಿ ಸಯ್ಯದ್ನಾ ಎಂಬ ಹಾಳು ಓಡುದಾರಿಯ ಮೇಲೆ ಇಳಿದು 121 ಮಂದಿಯನ್ನು ಎತ್ತಿಕೊಂಡು ಬಂತು. ಮೇ ಮೊದಲ ವಾರದಲ್ಲಿ ಕಾರ್ಯಾಚರಣೆ ಮುಗಿದಾಗ ಪಾರಾದವರ ಲೆಕ್ಕ 3,862. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿಗೆ ಬಂದಿಳಿದವರಲ್ಲಿ ಹಕ್ಕಿಪಿಕ್ಕಿಯರು ಅನೇಕರಿದ್ದರು.

ಇದು ಹೆಮ್ಮೆಪಡಬೇಕಾದ ಕೆಲಸ. ಆದರೆ ಆ ಸಂಖ್ಯೆಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿ: 3,100 ಮತ್ತು 3,862. ನಡುವಿನ ಅಂತರದಲ್ಲಿ ಇರುವವರು ಯಾರು? ಅವರಲ್ಲಿ ಒಬ್ಬೊಬ್ಬರ ಕಾರಣವೂ ಒಂದೊಂದಿರಬಹುದು. ಆದರೆ ಪುಸ್ತಕದಿಂದ ಹೊರಗುಳಿಯಲು ಸುಲಭವಾದ ದಾರಿಗಳು ಯಾವುವೆಂದು ನಾವು ಊಹಿಸಬಲ್ಲೆವು. 1983ರ ವಲಸೆ ಕಾಯ್ದೆಯು ಕಡಿಮೆ ಓದಿದವನು ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಅನುಮತಿ ಪಡೆಯಬೇಕೆಂದು ವಿಧಿಸಿತು. ಆ ದೇಶಗಳ ಪಟ್ಟಿಯಲ್ಲಿ ಸೂಡಾನ್ ಸಹ ಸೇರಿತ್ತು. ಆದರೆ ಆ ಕಾಯ್ದೆಯ ಕಣ್ಣಿಗೆ ಬೀಳುವುದು ಒಬ್ಬ ಮಾಲೀಕನ ಕೈಕೆಳಗೆ ನೌಕರನಾಗಿ ಹೋಗುವವನು. ಚೀಲದಲ್ಲಿ ಎಣ್ಣೆಯ ಸೀಸೆ ತುಂಬಿಕೊಂಡು ಬೀದಿಬೀದಿ ತಿರುಗುವವನಿಗೆ ಮಾಲೀಕನೂ ಇಲ್ಲ, ಕರಾರೂ ಇಲ್ಲ. ವಿದೇಶದಲ್ಲಿ ಹೆಸರು ಬರೆಸುವುದು ಸಾಮಾನ್ಯವಾಗಿ ಅವನ ಇಚ್ಛೆಗೆ ಬಿಟ್ಟ ವಿಷಯ. ಬರೆಸಬೇಕೆಂದು ಅವನಿಗೆ ಹೇಳುವವರು ಯಾರು? ನಾನು ನೋಡಿದ ಅರ್ಜಿಗಳೆಲ್ಲ ಇಂಗ್ಲಿಷಿನಲ್ಲಿವೆ. ತುಂಬಬೇಕಾದದ್ದು ಈಗ ಕಂಪ್ಯೂಟರಿನಲ್ಲಿ. ಅವನ ಹಿರಿಯರಾದರೋ ಬಹುಕಾಲ ಸರ್ಕಾರದ ಪುಸ್ತಕಗಳಿಂದ ದೂರ ಉಳಿದು ಬಾಳಿದವರು. ಪುಸ್ತಕದಲ್ಲಿ ಹೆಸರು ಬಿದ್ದರೆ ಕೇಸು ಬೀಳುತ್ತದೆಂದು ಹೆದರುವ ಸಮುದಾಯಕ್ಕೆ, ಅದೇ ಪುಸ್ತಕ ನಿನ್ನನ್ನು ಕಾಪಾಡುತ್ತದೆಂದು ನಂಬಿಸುವುದು ಸುಲಭವಲ್ಲ.

ನಂಬಿಕೆ ಹುಟ್ಟಬೇಕಾದರೆ ಕೆಲಸ ಊರಿನಲ್ಲಿಯೇ ಆರಂಭವಾಗಬೇಕೆಂದು ನನಗೆ ತೋರುತ್ತದೆ. ಪಾಸ್‌ಪೋರ್ಟ್ ಕೈಗೆ ಬರುವ ಹೊತ್ತಿಗೇ, ಹೋಗುವ ದೇಶದಲ್ಲಿ ನಮ್ಮ ಕಚೇರಿ ಎಲ್ಲಿದೆ, ಅಲ್ಲಿ ಹೇಗೆ ಹೆಸರು ಬರೆಸಬೇಕು ಎಂಬ ಎರಡು ಪುಟದ ತಿಳಿವಳಿಕೆ ಕನ್ನಡದಲ್ಲಿ ಕೈಗೆ ಬಂದರೆ ಎಷ್ಟೋ ಉಪಕಾರ. ಪಕ್ಷಿರಾಜಪುರದಂಥ ಊರಿನ ಪಂಚಾಯಿತಿಯಲ್ಲಿ ಹೊರದೇಶಕ್ಕೆ ಹೋದವರ ಒಂದು ಪಟ್ಟಿ ಇದ್ದರೆ, ಮುಂದೆ ಯುದ್ಧವೋ ಭೂಕಂಪವೋ ಆದ ದಿನ ಲೆಕ್ಕ 31ರಲ್ಲಿ ನಿಂತು ಬೆಳೆಯುತ್ತ ಹೋಗಬೇಕಾಗಿಲ್ಲ. ಇದಕ್ಕೆ ದೊಡ್ಡ ಕಾನೂನು ಬೇಡ. ವೈನಾಡಿಗೆ ಹೊರಟವನನ್ನು ಹೊಸಿಲಿನಲ್ಲಿ ನಿಲ್ಲಿಸಿ ಮೂರು ಪ್ರಶ್ನೆ ಕೇಳುತ್ತಿದ್ದ ಹಿರಿಯರ ಅಕ್ಕರೆ ಸಾಕು.

ಅಂದಿನ ಸಂಜೆಯ ಅರ್ಜಿಗೆ ಮರಳುತ್ತೇನೆ. ತಂದೆಯ ಹುಟ್ಟೂರು ಎಂಬಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಆ ಚಿಕ್ಕ ಹಳ್ಳಿಯ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂದು ತಿಳಿಯಲು ಮಗನ ಹಳೆಯ ಅಂಕಪಟ್ಟಿಯನ್ನು ತರಿಸಿ ನೋಡಿದೆವು. ಬೇಕಾದ ಕಾಗದಗಳ ಪಟ್ಟಿ ಮಾಡಿ ಕೊಟ್ಟೆ. ಮೂರು ವಾರಗಳ ಅನಂತರ ಆ ತಾಯಿ ಮತ್ತೆ ಬಂದರು. ವರ್ಷ ತುಂಬಲು ನಾಲ್ಕು ದಿನ ಇರುವಾಗ ಹೆಸರು ದಾಖಲಾಯಿತಂತೆ. ಫೋನಿನಲ್ಲಿ ಮಗ ಕಳಿಸಿದ್ದ ಆ ಪತ್ರದ ಚಿತ್ರವನ್ನು ನನಗೆ ತೋರಿಸಿ ಕೇಳಿದರು:

“ನಮ್ಮೂರ ಹೆಸ್ರೂ ಇದ್ರಲ್ಲಿ ಅದಾ ಮೇಷ್ಟ್ರೆ?”

ಪತ್ರದಲ್ಲಿ ಹುಡುಕಿ ನೋಡಿದೆ. ಇತ್ತು.